ಹರಿಪುರದ ಪಿಕಪ್ಪಿಗೆ ಹೊಸ ವಾಯರ

॥ ಶ್ರೀ ವೀತರಾಗಾಯ ನಮಃ ॥

ಮಿರಜ
೬ ಎಪ್ರಿಲ್ ೧೯೯೭

ಚಿರಂಜೀವಿ ತಮ್ಮ ಸನ್ಮತಿಗೆ,

ಇಲ್ಲಿ ಎಲ್ಲಾರೂ ಅರಾಮ ಅದೇವಿ ಅಂತ ಬರದ್ರ ಅರ್ಧಾ ಸುಳ್ಳ ಆಗ್ತೈತಿ, ಅದಕ್ಕ ಬರಿಯೂದಿಲ್ಲ. ಪುಣೆದಾಗ ಗಂಡ ಹೆಂಡತಿ, ನೀನು ಹರ್ಷದಾ, ಸುಖವಾಗಿ ಇರ್ರಿ. ಸಂಕ್ರಾಂತಿಗೆ ನೀ ಎಳ್ಳಿನ ಜೋಡಿ ಕಳಿಸಿದ ಪತ್ರಕ್ಕ ಯುಗಾದಿ ಬಂದ್ರೂ ಉತ್ತರ ಹೋಗಲಿಲ್ಲ, ಸಿಟ್ಟಾಗಬ್ಯಾಡ. ಬರಿಯಾಕ ಕುಂತಾಗೆಲ್ಲಾ ಅಪ್ಪಾ ಬಾಜೂಕ ಬಂದು ಕುಂದರತಿದ್ರು. ಹೌಸಾಬಾಯಿಯ ಬೂತಿನಿಂದ ಫೋನ್ ಮಾಡೂಣಂದ್ರ ಆ ಬೂತ್ ನಮ್ಮ ಗಾಡಿ ವಾಯರಿಂಗ್ ಅಂಗಡಿ ಗ್ವಾಡಿಗೆ ಹತ್ತೇ ಐತಿ. ಮಾತಾಡಿದ್ದೆಲ್ಲಾ ಅಪ್ಪಾನ ಕಿವಿಗೆ ಬೀಳ್ತೈತಿ. ಹರ್ಷದಾಗ ಕನ್ನಡ ಓದಾಕ ಬರೂದಿಲ್ಲ ಅಂತ ನಾ ಒಮ್ಮೆ ಚಾಷ್ಟಿ ಮಾಡಿದ್ದೆ. ಈಗ ಅದ ಚಲೋ ಆತು. ಈ ಪತ್ರ ನೀ ಒಬ್ಬನ ಓದು.

ಹರಿಪುರದ ಧೋಂಡಪ್ಪ ಕಾಕಾರ ಹಳೇ ಪಿಕಪ್ ನಿನಗ ನೆನಪಿರಬೇಕು. ಮುಂದ ಜೀಪಿನ ಮೂತಿ, ಹಿಂದ ಕಟ್ಟಿಗಿ ಫಳಿ. ಅರಿಷಿಣದ ಚೀಲದ ಮ್ಯಾಲೆ ಕುಂತು ನಾವಿಬ್ಬರೂ ಸಾಂಗಲಿ ಪ್ಯಾಟಿಗೆ ಹೋಗಿ ಮೈಯೆಲ್ಲಾ ಹಳದಿ ಮಾಡಿಕೊಂಡು ಬಂದಿದ್ವಿ, ಅವ್ವ ಬೈದಿದ್ಲು. ಕಾಕಾರ ತಂದಿ ತೀರಿಕೊಂಡ ಮ್ಯಾಲೆ ಅದು ಹಂಗೇ ದನದ ಕೊಟ್ಟಿಗಿ ಬಾಜೂಕ ನಿಂತಿತ್ತು. ಈಗ ಕಾಕಾರ ಮೊಮ್ಮಗಳು ಋತುಜಾಳ ಲಗ್ನ ಬಂದೈತಿ, ಮೇ ತಿಂಗಳದಾಗ. ಮದಿಮಗ ಮದಿಮಗಳು ಅದ ಗಾಡ್ಯಾಗ ಕುಂತು ಹರಿಪುರಕ್ಕ ಬರಬೇಕು ಅಂತ ಕಾಕಾರ ಹಟ. ಇಂಜಿನ್ನು ಸಾಂಗಲಿಯಾಗ ಯಾರೋ ಸರಿ ಮಾಡಿಕೊಟ್ಟಾರ. ವಾಯರಿಂಗ್ ಮಾತ್ರ ಎರಡು ಗ್ಯಾರೇಜಿನವರು ಬ್ಯಾಡ ಅಂದ್ರಂತ. 'ಹೊಸಾ ಕಾರ ಬಾಡಿಗಿಗೆ ಸಿಗ್ತಾವ, ಇದ್ಯಾಕ್ರಿ' ಅಂದ್ರಂತ. ಕಾಕಾ ಗಾಡಿ ಎಳಸಿಕೊಂಡು ಸೀದಾ ನಮ್ಮ ಅಂಗಡಿ ಮುಂದ ತಂದು ನಿಂದ್ರಿಸಿದ್ರು. 'ಜಿನಪ್ಪಾ, ಇದು ನಿನ್ನ ಬಿಟ್ಟು ಯಾರ ಕೈಲೂ ಆಗೂದಿಲ್ಲ' ಅಂದ್ರು. ಅಪ್ಪಾ ಬಾನೆಟ್ ಮ್ಯಾಲೆ ಕೈ ಆಡಿಸಿದ್ರು, ಹೂಂ ಅಂದುಬಿಟ್ರು.

ಹಿಂದಿನ ವಾಯರ ಎಲ್ಲಾ ಅರಿವಿ ಸುತ್ತಿದ್ದು. ಮುಟ್ಟಿದ್ರ ಸಾಕು, ಹಪ್ಪಳದಂಗ ಪುಡಿ ಆಗಾಕತ್ತಿತ್ತು. ಎಲ್ಲಾ ಕಿತ್ತು ಹೊಸಾದು ಎಳೀಬೇಕು. ಆರು ವೋಲ್ಟಿನ ಗಾಡಿ, ಹನ್ನೆರಡು ವೋಲ್ಟಿಗೆ ತರಬೇಕು. ಡೈನಮೋ ಮಾಧವನಗರಕ್ಕ ಕೊಟ್ಟು ಬಂದೇನಿ. ಅಲ್ಲೆ ಮಿಲ್ಲು ಬಂದ್ ಆದ ಮ್ಯಾಲೆ ಒಬ್ಬಾಂವ ಮನ್ಯಾಗ ಮೋಟಾರು ಸುತ್ತಾಕತ್ತಾನ. ಇಷ್ಟೆಲ್ಲಾ ಅಪ್ಪಾಗ ಹೊಸಾದೇನಲ್ಲ, ಚಿಂತಿ ಮಾಡೂದೇನೈತಿ ಅಂತ ನೀ ಅಂತಿ.

ತಮ್ಮಾ, ಅಪ್ಪಾಗ ಈಗ ಬಣ್ಣ ತಿಳಿಯೂದಿಲ್ಲ.

ಹೋಳಿ ಹುಣ್ಣಿವಿ ಮುಂದ ಒಂದಿನ ಕೈಯಾಗ ಹಸರ ವಾಯರ ಹಿಡಕೊಂಡು 'ಶಾಲನ, ಇದು ಕೆಂಪ ಹೌದಲ್ಲ' ಅಂದ್ರು. ಚಾಷ್ಟಿ ಅಂದುಕೊಂಡೆ. ಮಾರಿ ನೋಡಿದೆ, ಚಾಷ್ಟಿ ಅಲ್ಲ. ಎಷ್ಟೋ ಹೇಳಿ ಕಣ್ಣಿನ ಡಾಕ್ಟರ ಕಡೆ ಕರಕೊಂಡು ಹೋದೆ. ಸಕ್ಕರಿ ಬ್ಯಾನಿ ಕಣ್ಣಿನ ಹಿಂದಿನ ಪಡದಿಗೆ ಇಳದೈತಿ, ಆಪರೇಶನ್ ಮಾಡಿದ್ರೂ ಹೋದದ್ದು ಹೊಳ್ಳಿ ಬರೂದಿಲ್ಲ, ಇದ್ದದ್ದು ಕಾಯ್ಕೋಬೇಕು ಅಂತ ಡಾಕ್ಟರು ಹೇಳಿದ್ರು. ಅಪ್ಪಾ ಹೊರಗ ಬಂದು, 'ಮನ್ಯಾಗ ಚಾಳೀಸ ಬಂದೈತಿ ಅಂತ ಹೇಳು' ಅಂದ್ರು. ನಾ ಅವ್ವಗ ಮಾತ್ರ ಹೇಳೇನಿ. ಅವ್ವ ಅತ್ತು ಮಾರಿ ತೊಳಕೊಂಡು ಅಡಗಿ ಮನಿಗೆ ಹ್ವಾದ್ಲು.

ಹಳೇ ಕಾಲದ ಅರಿವಿ ವಾಯರ ಅವರಿಗೆ ಬಟ್ಟಿಲೆ ಮುಟ್ಟಿದ್ರ ಗುರ್ತು ಸಿಗ್ತಿದ್ವು. ಈಗಿನ ಪ್ಲಾಸ್ಟಿಕ್ ವಾಯರ ಎಲ್ಲಾ ಒಂದ ನಮೂನಿ ಜಾರತಾವ. ಮುಂಜಾನೆ ಬಿಸಲು ಬಿದ್ದಾಗ ಅಂಗಡಿ ಬಾಗಲದಾಗ ಕುಂತು ಜೋಡಸ್ತಾರ, ನನ್ನ ಏನೂ ಕೇಳೂದಿಲ್ಲ. ನನ್ನ ಮನಿಯವರು ತೀರಿಕೊಂಡು ನಾ ಹೊಳ್ಳಿ ಬಂದ ಮ್ಯಾಲೆ ಅಪ್ಪಾ ನನ್ನ ಅಂಗಡ್ಯಾಗ ಕುಂದ್ರಿಸಿಕೊಂಡ್ರಲ್ಲ, ಅಂದಿನಿಂದ ವಾಯರ ಕತ್ತರಸೂದು, ತುದಿಗೆ ಸೋಲ್ಡರ ಹಚ್ಚೂದು, ಟೇಪ ಸುತ್ತೂದು ನನ್ನ ಕೆಲಸ. ಗಾಡಿಗೆ ಜೋಡಸೂದು ಅವರ ಕೆಲಸ. ಆದ್ರ ವರ್ಷಾನುಗಟ್ಟಲೆ ಬಾಜೂಕ ಕುಂತಾಕಿಗೆ ಯಾವದು ಎಲ್ಲಿಗೆ ಹೋಗ್ತೈತಿ ಅನ್ನೂದು ತಿಳೀದ ಇರತೈತೇನು. ಉಳಿದದ್ದು ನೀ ಇಲ್ಲಿ ಇದ್ದಾಗ ಕಲಿಸಿದ್ದಿ.

ಮೊನ್ನೆ ನೋಡಿದೆ. ಪೆಟ್ರೋಲ್ ಟಾಕಿಗೆ ಮೀಟರಿನಿಂದ ಬರೂ ಹಸರ ವಾಯರ ಇರಬೇಕಾದ ಜಾಗಾದಾಗ ಬ್ಯಾಟರಿಯಿಂದ ಸೀದಾ ಬಂದ ಕಂದು ವಾಯರ ಕೂಡಿಸ್ಯಾರ. ಬ್ಯಾಟರಿ ಹಚ್ಚಿದ ಕ್ಷಣಕ್ಕ ಟಾಕಿ ಮ್ಯಾಲೇನ ಕಿಡಿ ಹಾರತೈತಿ. ಅಪ್ಪಾ ಮಧ್ಯಾನ್ಹ ಊಟಾ ಮಾಡಿ ಹಿಂದಿನ ಹೊರಸಿನ ಮ್ಯಾಲೆ ಮಲಗಿದಾಗ ಅದನ್ನ ಬಿಚ್ಚಿ ಸರಿ ಮಾಡಿದೆ. ಅವರು ಸುತ್ತಿದಂಗ ಟೇಪ ಸುತ್ತಿದೆ. ಮರುದಿನ ಮತ್ತೊಂದು ತಪ್ಪು. ಅದನ್ನೂ ತಿದ್ದೇನಿ. ಹಿಂಗ ದಿನಾ ಅವರು ಕಟ್ಟಿದ್ದನ್ನ ನಾ ಬಿಚ್ಚಾಕತ್ತೇನಿ. ಅಪ್ಪಾ ಕೆಮ್ಮಿದ್ರ ಸಾಕು, ವಾಯರ ಕತ್ತರಸೂ ಪಕ್ಕಡ ಸೆರಗಿನಾಗ ಮುಚ್ಚತೇನಿ.

ನೀ ಅಪ್ಪಾನ ಜೋಡಿ ಜಗಳಾಡಿ ಪುಣೆಯ ಕಾರಿನ ಸರ್ವಿಸ್ ಸೆಂಟರಿಗೆ ಹೋದ ಮ್ಯಾಲೆ ಎರಡು ದೀಪಾವಳಿ ಆದ್ವು. ಸ್ಟೀರಿಯೋ, ಎ.ಸಿ. ಕೂಡಿಸೂ ಅಂಗಡಿ ಮಾಡೂಣ ಅಂದಿ, ಅವರು 'ಇದು ಹಾಡಿನ ಅಂಗಡಿ ಅಲ್ಲ' ಅಂದ್ರು. ಇಷ್ಟ ಅಲ್ಲೇನು ಆದದ್ದು. ಒಂದು ಐತವಾರ ಬಾ. ಅವ್ವನ್ನ ನೋಡಾಕ ಬಂದೇನಿ ಅನ್ನು, ಗಾಡಿ ಕಡೆ ಒಮ್ಮೆ ಕಣ್ಣು ಹಾಯಿಸು. ಅಪ್ಪಾ ಕರೀಲಿ ಅಂತ ಕುಂದರಬ್ಯಾಡ.

ಆಶೀರ್ವಾದ.
ನಿನ್ನ ಅಕ್ಕ,
ಶಾಲನ


॥ ಶ್ರೀ ವೀತರಾಗಾಯ ನಮಃ ॥

ಮಿರಜ
೨೭ ಎಪ್ರಿಲ್ ೧೯೯೭

ತಮ್ಮ ಸನ್ಮತಿಗೆ ಶಾಲನ ಅಕ್ಕನ ಆಶೀರ್ವಾದ.

ನಿನ್ನ ಪತ್ರ ಮುಟ್ಟಿತು. ನನ್ನ ಅಕ್ಷರ ಸರಿ ಕಾಣದಿದ್ರ ತಡಕೋ, ಬಲಗೈಗೆ ಪಟ್ಟಿ ಕಟ್ಟೇನಿ, ಬೆರಳು ಪೂರ್ತಿ ಮಡಚಾಕ ಬರೂದಿಲ್ಲ. ಏನಾತು ಅಂತ ಹೇಳ್ತೇನಿ, ಮೊದಲ ನಿನ್ನ ಮಾತಿಗೆ ಬರ್ತೇನಿ.

'ಗಾಡಿ ವಾಪಸ್ ಕಳಿಸ್ರಿ, ನಾ ಬರಬೇಕಂದ್ರ ಅಪ್ಪಾನೇ ಕರೀಬೇಕು' ಅಂತ ಬರದಿ. ವಾಪಸ್ ಕಳಸೂದು ನನ್ನ ಕೈಯಾಗ ಇದ್ರ ಕಳಸತಿದ್ದಿಲ್ಲೇನು. ನಿನ್ನ ಪತ್ರ ಬಂದ ದಿನಾನ ಋತುಜಾ ಗಾಡಿ ನೋಡಾಕ ಬಂದಿದ್ಲು. ಸಾಂಗಲಿಯಾಗ ಕಾಲೇಜ ಓದಿದ ಹುಡುಗಿ, ಕನ್ನಡ ತಿಳೀತೈತಿ, ಮಾತಾಡೂದು ಅರ್ಧಾ ಮರಾಠಿ. ಸೀಟಿನ ಮ್ಯಾಲೆ ಹತ್ತಿ ಕುಂತು, 'ಮಾವಶಿ, ನಮ್ಮ ಅಜ್ಜಿ ಲಗ್ನಾಗಿ ಬಂದದ್ದೂ ಇದ್ರಾಗನ ಅಂತ. ನನಗ ಇದು ಭಾಳ ಆವಡ್ತೈತಿ, ಮನಸ್ಸಿಗೆ ಬಂದೈತಿ' ಅಂದ್ಲು. ಆಕಿ ಕುಂತ ಸೀಟಿನ ಹಿಂದ, ಒಂದು ತಗಡಿನ ಆಚೆ ಟಾಕಿ. ಅಪ್ಪಾ ನಗತಾ, 'ಹೂವಿನ್ಹಂಗ ಕರಕೊಂಡು ಹೋಗ್ತೈತಿ, ನೋಡು' ಅಂದ್ರು.

ಅಂದು ಸಂಜಿ ಊಟಕ್ಕ ಹೊತ್ತು ಮುಳುಗೂಕಿಂತ ಮೊದಲ ಮನಿಗೆ ಹೋಗೂ ಮುಂದ ದಾರ್ಯಾಗ ಧೈರ್ಯ ಮಾಡಿ ಕೇಳಿದೆ. 'ಅಪ್ಪಾ, ಬ್ಯಾಟರಿಯಿಂದ ಬರೂ ವಾಯರಕ್ಕ ಒಂದು ದೊಡ್ಡ ಫ್ಯೂಜ್ ಹಾಕೂಣ್ರಿ. ಏನಾದ್ರೂ ಆದ್ರ ಅದು ಹೋಗ್ತೈತಿ, ಗಾಡಿ ಉಳೀತೈತಿ.' ಅಪ್ಪಾ ನಿಂತು, 'ಈ ಗಾಡಿಗೆ ಎಂದೂ ಫ್ಯೂಜ್ ಇದ್ದಿಲ್ಲ. ನನ್ನ ಕೆಲಸದ ಮ್ಯಾಲೆ ನಿನಗ ನಂಬಿಗಿ ಇಲ್ಲೇನು' ಅಂದ್ರು.

ಬ್ಯಾಟರಿ ಹಚ್ಚೂದು ಹೋದ ಗುರುವಾರ ಅಂತ ಠರಾವು ಆಗಿತ್ತು. ಬುಧವಾರ ಮಧ್ಯಾನ್ಹ ನಾ ಒಂದೊಂದ ವಾಯರ ಹಿಡದು ತುದಿಯಿಂದ ತುದಿಗೆ ನೋಡಿದ್ದೆ. ಎಲ್ಲಾ ಸರಿ ಇತ್ತು. ಗುರುವಾರ ಮುಂಜಾನೆ ಸಮಾಧಾನದಿಂದ ಬಸದಿಗೆ ಹೋಗಿ ದರ್ಶನ ತಗೊಂಡು ಅಂಗಡಿಗೆ ಬಂದೆ. ಅಪ್ಪಾ ಆಗಲೇ ಬಂದಿದ್ರು. ಬಾನೆಟ್ ಎತ್ತಿತ್ತು. ಬ್ಯಾಟರಿಯ ಒಂದು ಕಡೆ ಹಚ್ಚಿ ಇನ್ನೊಂದರ ತುದಿ ಕೈಯಾಗ ಹಿಡಕೊಂಡಿದ್ರು.

'ಬಾ ಬಾ,' ಅಂದ್ರು. ಮಾರಿ ಮ್ಯಾಲೆ ಖುಷಿ ಇತ್ತು. 'ಟಾಕಿ ಕಡೆ ಎರಡು ವಾಯರ ಅದಲಬದಲ ಆಗಿದ್ವು. ಬಟ್ಟಿಗೆ ಹತ್ತಿತು ನೋಡು. ಈಗ ಸರಿ ಮಾಡೇನಿ.'

ನಾ ಬಾಯಿ ಬಿಡೂದರಾಗ ಅವರು ತುದಿ ಮುಟ್ಟಿಸಿಬಿಟ್ರು. ಚಟ್ ಅಂತು. ಸೀಟಿನ ಹಿಂದ ಪ್ಲಾಸ್ಟಿಕ್ ಸುಟ್ಟ ವಾಸನಿ ಬಂತು, ಹೊಗಿ ಎದ್ದಿತು. ಟಾಕಿಯಾಗ ಕಾಕಾ ಹಿಂದಿನ ದಿನಾನ ಸ್ವಲ್ಪ ಪೆಟ್ರೋಲ್ ಹಾಕಿಸಿ ಹೋಗಿದ್ರು. 'ತಗೀರಿ ಅಪ್ಪಾ, ತಗೀರಿ' ಅಂದೆ. ಅವರಿಗೆ ಹೊಗಿ ಎಲ್ಲಿಂದು ಅಂತ ತಿಳೀಲಿಲ್ಲ, ತುದಿ ಒತ್ತಿ ಹಿಡಕೊಂಡ ಎಡಕ ಬಲಕ ನೋಡಾಕತ್ತಿದ್ರು. ನಾ ಹಿಂದಕ್ಕ ಓಡಿ, ಕೆಳಗ ಕೈ ಹಾಕಿ, ಟಾಕಿ ಮ್ಯಾಲಿನ ವಾಯರ ಹಿಡದು ಕಿತ್ತೆ. ಅದು ಕೆಂಡ ಆಗಿತ್ತು. ಕರಗಿದ ಪ್ಲಾಸ್ಟಿಕ್ ಅಂಗೈಗೆ ಅಂಟಿ ಬಂತು. ಕಿತ್ತ ತುದಿ ತಗಡಿಗೆ ತಾಗಲಾರದಂಗ ಹಂಗೇ ಹಿಡಕೊಂಡು ನಿಂತೆ, ಅಪ್ಪಾ ಬ್ಯಾಟರಿ ಬಿಡಿಸೂತನಕ ಬಿಡಲಿಲ್ಲ.

ಹೌಸಾಬಾಯಿ ಬೂತಿನಿಂದ 'ಏನಾತ್ರಿ' ಅಂತ ಕೂಗಿದ್ಲು. ಅಪ್ಪಾ 'ಏನಿಲ್ಲ, ಟೇಪ ಸುಟ್ಟಿತು' ಅಂದ್ರು. ದನಿ ಮಾತ್ರ ಅವರದಿದ್ದಂಗ ಇರಲಿಲ್ಲ.

ಆಮ್ಯಾಲೆ ನನ್ನ ಕಡೆ ಬಂದು, 'ಯಾವದು' ಅಂದ್ರು.

'ಟಾಕಿದು.'

'ಅದನ್ನ ನಾ ಸರಿ ಮಾಡಿದ್ದೆ.'

'ನಾ ಸರಿ ಮಾಡಿದ್ದೆ ಅಪ್ಪಾ. ನೀವು ಅದನ್ನ ಹೊಳ್ಳಿ ಬದಲಿ ಮಾಡಿದ್ರಿ.'

'ಎಂದಿನಿಂದ ನಡದೈತಿ ಇದು?'

'ಮೊದಲಿಂದ.'

ನನ್ನ ಕೈ ಹಿಡದು ಕಣ್ಣಿನ ಹತ್ತಿರ ಒಯ್ದು ನೋಡಿದ್ರು. ಕಾಣಲಿಲ್ಲಂತ ಕಾಣತೈತಿ, ಬಟ್ಟಿಲೆ ಮುಟ್ಟಿ ನೋಡಿದ್ರು. ನಾ ಹಾ ಅಂದೆ, ಕೈ ಬಿಟ್ರು. ಕೋಲು ತಗೊಂಡು ಮನಿಗೆ ಹೋಗಿಬಿಟ್ರು. ಅಂಗಡಿ ನಾನ ಬಂದ್ ಮಾಡಿದೆ.

ಎರಡು ದಿನ ಅವರು ಅಂಗಡಿ ಕಡೆ ಬರಲಿಲ್ಲ. ಅವ್ವ ತಾಟು ಮುಂದಿಟ್ರ ನಾಕು ತುತ್ತು ಉಂಡು ಏಳ್ತಿದ್ರು. ನನಗ ಒಂದ ಹೆದರಿಕಿ ಇತ್ತು. ಸಿಟ್ಟಿನ್ಯಾಗ ಹೋಗಿ ಮತ್ತ ತಾವೊಬ್ಬರೇ ಬ್ಯಾಟರಿ ಹಚ್ಚಿದ್ರ ಏನು ಗತಿ. ಅಂಗಡಿ ಚಾವಿ ನನ್ನ ಸೊಂಟದಾಗ ಸಿಗಿಸಿಕೊಂಡ ಮಲಗಿದ್ದೆ.

ಇಂದ ಮುಂಜಾನೆ ತಾವ ಎದ್ದು, 'ಚಾವಿ ತಾ, ನಡಿ' ಅಂದ್ರು. ಅಂಗಡ್ಯಾಗ ಸ್ಟೂಲಿನ ಮ್ಯಾಲೆ ಕುಂತು ತಮ್ಮ ಪಕ್ಕಡ ನನ್ನ ಉಡ್ಯಾಗ ಇಟ್ರು. 'ನಾ ಹೇಳ್ತೇನಿ, ನೀ ಕೂಡಿಸು. ಈ ಕೈಲೆ ಆಗ್ತೈತೇನು' ಅಂದ್ರು. ಆಗ್ತೈತ್ರಿ ಅಂದೆ. 'ಫ್ಯೂಜೂ ಹಾಕು' ಅಂದ್ರು. ಅಷ್ಟ.

ಇದ್ದದ್ದೆಲ್ಲಾ ಕಿತ್ತು ಮೊದಲಿಂದ ಎಳಿಯಾಕ ಸುರು ಮಾಡೇವಿ. ಶಟರ್ ಅರ್ಧಾ ಇಳಿಸೇವಿ, ಬಿಸಲು ಭಾಳ ಅಂತ ಅಪ್ಪಾನೇ ಇಳಿಸಿದ್ರು. ಯಾರರೆ ಬಂದ್ರ ನಾ ಎದ್ದು ಚಹಾದ ಸ್ಟೋವ್ ಕಡೆ ಹೋಗ್ತೇನಿ, ಅಪ್ಪಾ ವಾಯರ ಕೈಯಾಗ ತಗೋತಾರ. ಅವರು ಹೋದ ಮ್ಯಾಲೆ ಮತ್ತ ಅದಲಬದಲ. ಲಗ್ನಕ್ಕ ಇನ್ನ ಎಷ್ಟು ದಿನಾ ಉಳದಾವ ಅಂತ ಎಣಸೂದು ಬಿಟ್ಟೇನಿ.

ನೀ ಬರೂದಿಲ್ಲ ಅಂದಿ. ಬ್ಯಾಡ ಬಿಡು. ಒಂದ ಕೆಲಸ ಮಾಡು. ನಿಮ್ಮ ಸರ್ವಿಸ್ ಸೆಂಟರದಾಗ ಕೇಳಿ ಈ ಬ್ಯಾಟರಿಗೆ ಎಷ್ಟರ ಫ್ಯೂಜ್ ಹಾಕಿದ್ರ ಸರಿ ಅಂತ ಬರದು ಕಳಿಸು. ಕಾರ್ಡಿನ ಮ್ಯಾಲೆ ಬರದ್ರೂ ನಡೀತೈತಿ.

ಹರ್ಷದಾಗ ನನ್ನ ಕೈ ಸುದ್ದಿ ಹೇಳಬ್ಯಾಡ, ಆಕಿ ಹೌಸಾಬಾಯಿ ಬೂತಿಗೆ ಫೋನ್ ಮಾಡ್ತಾಳ.

ಶಾಲನ


॥ ಶ್ರೀ ವೀತರಾಗಾಯ ನಮಃ ॥

ಮಿರಜ
೧೮ ಮೇ ೧೯೯೭

ಪ್ರೀತಿಯ ತಮ್ಮ ಸನ್ಮತಿಗೆ,

ಅಕ್ಕನ ಆಶೀರ್ವಾದಗಳು. ಹರ್ಷದಾಗೂ ಹೇಳು. ನಿನ್ನ ಕಾರ್ಡ ಬಂದಿತ್ತು, ನೀ ಬರದಷ್ಟರದ ಫ್ಯೂಜ್ ಹಾಕಿದೆ. ಮೂರು ಹೆಚ್ಚಿಗಿ ತಂದು ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದೆ. ಕಾರ್ಡಿಗೆ ಲಗೂನ ಉತ್ತರ ಬರೀಲಿಲ್ಲ ಅಂತ ಬ್ಯಾಸರ ಮಾಡಿಕೋಬ್ಯಾಡ. ಲಗ್ನ ಮುಗಿಯೂತನಕ ನನ್ನ ತಲಿ ನೆಟ್ಟಗ ಇದ್ದಿಲ್ಲ.

ಲಗ್ನ ಆತು. ಎಲ್ಲಾರೂ ಜೀವಂತ ಅದಾರ. ಮೊದಲ ಅದನ್ನ ಹೇಳಿಬಿಡ್ತೇನಿ, ನೀ ಗಾಬರಿಲೆ ಓದಬಾರದು.

ಲಗ್ನದ ಕಾರ್ಯಾಲಯ ಮಿರಜ ಸಾಂಗಲಿ ರಸ್ತೆ ಮ್ಯಾಲ ಇತ್ತು. ಆ ರಸ್ತೆ ನೀ ಈಗ ನೋಡಬೇಕು. ಹುಂಚಿಗಿಡ ಕಡದು ಎರಡೂ ಬಾಜೂಕ ಕಟ್ಟಡ ಎಬ್ಬಿಸ್ಯಾರ, ಹೊಸಾ ಕಾರು, ಬಸ್ಸು, ಟಂಟಂ, ನಿಂದ್ರಾಕ ಜಾಗಾ ಇಲ್ಲ. ಗಾಡಿಗೆ ಹಸರ ಬಣ್ಣ ಬಳದು ಚೆಂಡು ಹೂವಿನ ಮಾಲಿ ಹಾಕಿದ್ರು. ಕಾಕಾರ ಮಗಾ ರೇವಣಸಿದ್ಧ ಗಾಡಿ ಹೊಡಿಯಾಂವ. ಅಪ್ಪಾ ಅವನ ಬಾಜೂಕ ಕುಂತ್ರು. ಏನರೆ ಆದ್ರ ನಾ ಮೊದಲ ಸಾಯ್ತೇನಿ ಅನ್ನೂಹಂಗ ಕುಂತಿದ್ರು, ಕೋಲು ಎರಡೂ ಕೈಲೆ ಒತ್ತಿ ಹಿಡಕೊಂಡು. ಹಿಂದ ಫಳಿ ಮ್ಯಾಲೆ ಗಾದಿ ಹಾಕಿ ಮದಿಮಗ ಮದಿಮಗಳನ್ನ ಕುಂದ್ರಿಸಿದ್ರು. ನಾ ಹೆಂಗಸರ ಜೋಡಿ ನಡಕೊಂಡು ಹೊಂಟೆ, ಗಾಡಿಯ ಹಿಂದಿನ ಗಾಲಿ ಬಿಟ್ಟು ಸರೀಲಿಲ್ಲ. ಬ್ಯಾಂಡಿನ ಸಪ್ಪಳದಾಗ ಎಲ್ಲಾರೂ ಕುಣಿಯಾಕತ್ತಿದ್ರು. ನಾ ಮಾತ್ರ ಮೂಗಿನಿಂದ ವಾಸನಿ ಹುಡಕಾಕತ್ತಿದ್ದೆ.

ಹೊತ್ತು ಇನ್ನೂ ಇತ್ತು. ಸಾಂಗಲಿ ಸಮೀಪ ಬಂದಾಗ ಮದಿಮಗನ ಕಡೆಯ ನಾಕು ಪೋರಗೋಳು ಒಂದು ಮೋಟಾರ ಸೈಕಲ್ ಮ್ಯಾಲೆ ಬಂದ್ರು. ಕೈಯಾಗ ಬಣ್ಣದ ಲೈಟಿನ ಸರಾ, ಎರಡು ದೊಡ್ಡ ಹ್ಯಾಲೋಜನ್, ಒಂದು ಸ್ಟೀರಿಯೋ. 'ಗಾಡಿ ಭಾಳ ಸಪ್ಪಗ ಐತಿ, ಇದನ್ನ ಹಚ್ಚೂಣು' ಅಂತ ಬಾನೆಟ್ ಎತ್ತಾಕ ಹೋದ್ರು. ನಾ ಮುಂದಕ್ಕ ಹೋಗಿ, 'ಬ್ಯಾಡ್ರೆಪಾ, ಅಷ್ಟು ಭಾರ ಅದು ತಡಿಯೂದಿಲ್ಲ' ಅಂದೆ. ಒಬ್ಬಾಂವ ನನ್ನ ಬೋಳು ಹಣಿ ನೋಡಿ, 'ತುಮ್ಹಿ ಕೋಣ' ಅಂದ. ನೀವು ಯಾರು ಅಂತ. ಅಪ್ಪಾನ ಕಡೆ ನೋಡಿದೆ. ಬ್ಯಾಂಡಿನ ಗದ್ದಲದಾಗ ಅವರಿಗೆ ಏನೂ ಕೇಳಿದ್ದಿಲ್ಲ. ಅಷ್ಟರಾಗ ಹುಡುಗರು ಸ್ಟೇರಿಂಗಿನ ಕೆಳಗ ಎಲ್ಲೋ ಕೂಡಿಸಿ ಸ್ವಿಚ್ ಒತ್ತಿಬಿಟ್ರು.

ಹ್ಯಾಲೋಜನ್ ಒಮ್ಮೆ ಝಗ್ ಅಂತು. ಎಲ್ಲಾ ಆರಿತು. ಇಂಜಿನ್ನೂ ನಿಂತಿತು.

ಓಡಿ ಟಾಕಿಗೆ ಕೈ ಹಚ್ಚಿ ನೋಡಿದೆ. ತಣ್ಣಗ ಇತ್ತು. ಹೊಗಿ ಇಲ್ಲ, ವಾಸನಿ ಇಲ್ಲ. ಫ್ಯೂಜ್ ಹೋಗೈತಿ, ಗಾಡಿ ಉಳದೈತಿ ಅಂತ ತಿಳೀತು. ತಿಳದ ಕೂಡ್ಲೆ ಕಣ್ಣಾಗ ನೀರು ಬಂತು, ಒರಸಿಕೊಂಡೆ.

ಹಿಂದ ಬಸ್ಸುಗೋಳು ಹಾರ್ನ್ ಹೊಡಿಯಾಕತ್ತಿದ್ವು. ಬ್ಯಾಂಡ್ ನಿಂತಿತು. ಮಂದಿ ಸುತ್ತ ಕೂಡಿದ್ರು. 'ಅಪಶಕುನ ಆತಲ್ಲ' ಅಂತ ಯಾರೋ ಅಂದ್ರು. ಅಪ್ಪಾ ಸೀಟಿನಿಂದ ಇಳದು ಬಾನೆಟ್ ತಡಕಾಡಾಕತ್ತಿದ್ರು. ಫ್ಯೂಜ್ ಇರೂದು ಒಳಗ, ಸ್ಟೇರಿಂಗಿನ ಕೆಳಗ, ಗಾಬರಿಲೆ ಮರತಿದ್ರು. ನಾ ಪಾದರಕ್ಷಿ ಬಿಟ್ಟು ಒಳಗ ಹತ್ತಿದೆ. ಮದಿಮಗನ ತಾಯಿ ನನ್ನ ತಡದ್ಲು. 'ಇವತ್ತಿನ ದಿನಾ ನೀವು ಮುಂದ ಬರೂದು ಬ್ಯಾಡ್ರಿ, ಗಂಡಸರು ನೋಡ್ಕೋತಾರ' ಅಂದ್ಲು. ಆಕಿ ದನಿ ಒರಟ ಏನಿರಲಿಲ್ಲ, ಕೈ ಜೋಡಿಸಿ ಹೇಳಿದಂಗ ಹೇಳಿದ್ಲು. ಅದಕ್ಕ ಇನ್ನೂ ಕಷ್ಟ ಆತು. ನಾ ಅರ್ಧಾ ಒಳಗ, ಅರ್ಧಾ ಹೊರಗ. ಹಿಂದಿನಿಂದ ಋತುಜಾ ಬಾಗಿ ಬಾಶಿಂಗ ಸರಿ ಮಾಡಿಕೋತ, 'ಮಾವಶಿ ಮಾಡ್ಲಿ. ಅವರಿಗೆ ಗೊತ್ತೈತಿ' ಅಂದ್ಲು. ಕನ್ನಡದಾಗನ ಅಂದ್ಲು, ನನ್ನ ಸಲುವಾಗಿ.

ಸ್ಟೇರಿಂಗಿನ ಕೆಳಗ ತಲಿ ಹಾಕಿ ಮಲಗಿದೆ. ಆ ಹುಡುಗರ ಸರಾ ಕಿತ್ತು ಹೊರಗ ಒಗದೆ. ಸೆರಗಿನ ಗಂಟು ಬಿಚ್ಚಾಕ ಸುಟ್ಟ ಕೈ ಬರಲಿಲ್ಲ, ಹಲ್ಲಿಲೆ ಬಿಚ್ಚಿದೆ. ಹೊಸಾ ಫ್ಯೂಜ್ ಕೂಡಿಸಿ 'ಹೊಡಿ' ಅಂದೆ. ರೇವಣಸಿದ್ಧ ಕಾಲಿಲೆ ಸ್ಟಾರ್ಟರ್ ಒತ್ತಿದ. ಒಮ್ಮೆ ಕೆಮ್ಮಿ ಸುರು ಆತು. ಮುಂದಿನ ಎರಡೂ ಲೈಟು ಹತ್ತಿದ್ವು. ಮಂದಿ ಹೋ ಅಂದ್ರು, ಬ್ಯಾಂಡ್ ಬಾರಿಸಿದ್ರು. ನಾ ಇಳಿಯೂ ಮುಂದ ಅಪ್ಪಾ ನನ್ನ ಭುಜಾ ಹಿಡಕೊಂಡು ಸೀಟಿಗೆ ಹತ್ತಿದ್ರು. ಹಿಡದದ್ದು ಬಿಡೂದರಾಗ ಒಮ್ಮೆ ಒತ್ತಿದ್ರು. ನನಗಷ್ಟ ಸಾಕಾಗಿತ್ತು.

ಹರಿಪುರದಾಗ ಸಂಗಮದ ಕಡೆಯಿಂದ ತಂಪು ಗಾಳಿ ಬೀಸಾಕತ್ತಿತ್ತು. ಧೋಂಡಪ್ಪ ಕಾಕಾ ಬಾಗಲದಾಗ ನಿಂತು ಗಾಡಿ ಬರೂದು ನೋಡಿ ಅತ್ತುಬಿಟ್ರು. ಮಂಟಪದಾಗ ಎಲ್ಲಾರ ಮುಂದ ಅಪ್ಪಾನ ಕರದು ಕೇಸರಿ ಫೇಟಾ ಸುತ್ತಿ ಶಾಲು ಹೊದಿಸಿದ್ರು. ಅಪ್ಪಾ ಎರಡು ಮಾತು ಆಡಿದ್ರು. ಎಲ್ಲಾರೂ ಚಪ್ಪಾಳಿ ಹೊಡದ್ರು.

ಅವ್ವ ಅರಾಮ ಅದಾಳ. ಮಾವಿನಕಾಯಿ ಉಪ್ಪಿನಕಾಯಿ ಹಾಕ್ಯಾಳ, ಹಾಕೂ ಮುಂದ ಬೆಲ್ಲಾ ಎಷ್ಟು ಅಂತ ನಿನ್ನ ನೆನಸಿದ್ಲು, ನಿನಗ ಸಿಹಿ ಹೆಚ್ಚ ಬೇಕಲ್ಲ. ಪುಣೆಗೆ ಬರೂವರ ಕೈಯಾಗ ಭರಣಿ ಕಳಿಸ್ತೇನಿ. ನನ್ನ ಕೈ ಮಾಯಾಕತ್ತೈತಿ, ಚರ್ಮ ಬಿಗಿ ಆಗೈತಿ ಅಷ್ಟ. ಅಪ್ಪಾ ಈಗ ಔಷಧ ತಪ್ಪಿಸೂದಿಲ್ಲ. ಪರ್ಯೂಷಣ ಹಬ್ಬಕ್ಕಾದ್ರೂ ಹರ್ಷದಾನ್ನ ಕರಕೊಂಡು ಬಾ. ಅಪ್ಪಾ ಕರದಾರ ಅಂತ ತಿಳಕೋ, ಖರೇನ ಈ ಸಲ ನಿನ್ನ ಹೆಸರು ಅವರ ಬಾಯಾಗ ಬಂದೈತಿ.

ಇಬ್ಬರೂ ಕೂಡಿ ನೂರು ವರ್ಷ ಬಾಳ್ರಿ. ಹೊತ್ತಿಗೆ ಸರಿಯಾಗಿ ಊಟಾ ಮಾಡ್ರಿ.

ನಿನ್ನ ಅಕ್ಕ,
ಶಾಲನ

ತಾ.ಕ.: ಲಕೋಟಿ ಅಂಟಿಸಿದ್ದೆ, ಮತ್ತ ಬಿಚ್ಚೇನಿ. ಅಪ್ಪಾ ಆಡಿದ ಎರಡು ಮಾತು ಏನು ಅಂತ ಮ್ಯಾಲೆ ಬರೀಲಿಲ್ಲ. 'ಈ ಫೇಟಾ ನನಗ ಸಲ್ಲೂದಲ್ಲ. ನನ್ನ ಕಣ್ಣು ಈಗ ಅಷ್ಟು ನಡಿಯೂದಿಲ್ಲ. ನನ್ನ ಮಗಾ ಸನ್ಮತಿ ಪುಣೆಯಿಂದ ಬಂದು, ಅಂಗಡ್ಯಾಗ ಕುಂತು ಎಲ್ಲಾ ವಾಯರಿಂಗ್ ಮಾಡಿ ಹ್ವಾದ' ಅಂದ್ರು. ಚಪ್ಪಾಳಿ ಅದಕ್ಕ ಬಿದ್ದದ್ದು. ಮದಿಮಗನ ತಾಯಿ, 'ಮತ್ತ ದಾರ್ಯಾಗ ಈಕಿ ಮಾಡಿದ್ಲಲ್ರಿ' ಅಂತ ನನ್ನ ತೋರಿಸಿದ್ಲು. ಅಪ್ಪಾ, 'ಅಷ್ಟು ತಮ್ಮ ಹೇಳಿಕೊಟ್ಟು ಹೋಗಿದ್ದ' ಅಂದ್ರು. ಅವರ ಕೋಲು ಹಿಡಕೊಂಡು ನಾ ಅಲ್ಲೇ ಬಾಜೂಕ ನಿಂತಿದ್ದೆ. ರಿಕ್ಷಾದಾಗ ಹೊಳ್ಳಿ ಬರೂ ಮುಂದ, 'ಅಂಗಡಿ ನಡೀಬೇಕಲ್ಲ, ಮಗಳ' ಅಂದ್ರು. ಹೌದ್ರಿ ಅಂದೆ. ಈಗ ಹೌಸಾಬಾಯಿ ಸುದ್ದಾ ಸನ್ಮತಿ ಯಾವಾಗ ಬಂದಿದ್ದ, ನನಗ ಕಾಣಲೇ ಇಲ್ಲ ಅಂತಾಳ. ನೀ ಬಂದಾಗ ಯಾರರೆ ಕೇಳಿದ್ರ ಅಲ್ಲ ಅನಬ್ಯಾಡ, ಅಪ್ಪಾನ ಮಾತು ಮಂದ್ಯಾಗ ಹೋಗಬಾರದು. ಆದ್ರ ನೀ ಒಬ್ಬಾಂವಾದ್ರೂ ತಿಳಕೊಂಡಿರು. ಆ ಗಾಡ್ಯಾಗ ನಿನ್ನ ಕೈಲೆ ಕೂಡಿಸಿದ ವಾಯರ ಒಂದೂ ಇಲ್ಲ.